ಶೇಂಗಾ ಊರಲ್ಲೇ ಎಣ್ಣೆಯಾದರೆ



ಶೇಂಗಾ ಕಿತ್ತು, ಕಾಯಿ ಬಿಡಿಸಿ, ಒಣಗಿಸಿ ಚೀಲಕ್ಕೆ ತುಂಬುತ್ತೀರಿ. ಚೀಲ ಚಳ್ಳಕೆರೆ ಮಾರುಕಟ್ಟೆಗೆ ಹೋಗುತ್ತದೆ. ಅದರ ಹಿಂದೆಯೇ ಮನೆಯ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆ ಕಾಯಿಯಲ್ಲೇ ಒಂದಿಷ್ಟು ಕೆಲಸ ಇದೆಯಲ್ಲಾ, ಅದನ್ನೂ ಚೀಲದ ಜೊತೆ ಯಾಕೆ ಕಳಿಸಬೇಕು? ಈ ಹೊತ್ತು ಅದನ್ನೇ ಮಾತಾಡೋಣ.

ಚಳ್ಳಕೆರೆಗೆ ಎಣ್ಣೆ ನಗರವೆಂದು ಹೆಸರು ಬಂದದ್ದು ಅಲ್ಲಿನ ಗಿರಣಿಗಳಿಂದ. ಹಮಾಲರು, ಗಾಡಿಯವರು, ಬೀಜ ಆರಿಸುವ ಹೆಂಗಸರು, ಎಷ್ಟು ಮನೆಗಳಿಗೆ ಅದು ಅನ್ನವಾಗಿತ್ತು! 1994ರಲ್ಲಿ ಕೇಂದ್ರ ಸರ್ಕಾರ ಹೊರದೇಶದ ತಾಳೆ ಎಣ್ಣೆಯನ್ನು ಖಾಸಗಿ ವರ್ತಕರು ತರಿಸಿಕೊಳ್ಳಲು ಅವಕಾಶ ಕೊಟ್ಟಿತು. ಅಗ್ಗದ ಎಣ್ಣೆಯ ಮುಂದೆ ನಮ್ಮ ಎಣ್ಣೆ ನಿಲ್ಲುವುದು ಕಷ್ಟವಾಯಿತು. ಮಳೆಯೂ ಕೈಕೊಡುತ್ತಿತ್ತು. ಅನೇಕ ಗಿರಣಿಗಳು ಬಾಗಿಲು ಹಾಕಿದವು.

2020ರಲ್ಲಿ ಕೇಂದ್ರ ಸರ್ಕಾರವೇ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ತಂದಿತು. ಜಿಲ್ಲೆಗೊಂದು ಬೆಳೆ ಎಂದು ಆರಿಸಿದಾಗ ಚಿತ್ರದುರ್ಗಕ್ಕೆ ಬಂದದ್ದು ಶೇಂಗಾ. ವೆಚ್ಚದಲ್ಲಿ ನೂರಕ್ಕೆ 35 ಸಹಾಯಧನ. ನಮ್ಮ ರಾಜ್ಯ ಅದಕ್ಕೆ 15 ಸೇರಿಸಿತು. ಒಟ್ಟು ಅರ್ಧ ಆಯಿತು. ಮಹಿಳಾ ಸಂಘದವರಿಗೆ ಸದಸ್ಯೆಯೊಬ್ಬರಿಗೆ 40,000 ರೂಪಾಯಿವರೆಗೆ ಬೀಜಧನವೂ ಅದರಲ್ಲಿತ್ತು. ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ. ಈ ಸಾಲಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ.

'ಅರ್ಧ ದುಡ್ಡು ಸರ್ಕಾರದ್ದು' ಎಂದ ಕೂಡಲೇ ಓಡುವವರಿದ್ದಾರೆ. ನಿಲ್ಲಿ! ಸಹಾಯಧನ ಕೈಗೆ ಬರುವುದಿಲ್ಲ. ಹತ್ತು ಲಕ್ಷದ ಗಾಣಕ್ಕೆ ಒಂದು ಲಕ್ಷ ನಿಮ್ಮ ಕೈಯಿಂದ, ಒಂಬತ್ತು ಲಕ್ಷ ಬ್ಯಾಂಕಿನ ಸಾಲ. ಸಹಾಯಧನ ಬ್ಯಾಂಕಿನಲ್ಲೇ ಬೇರೆ ಲೆಕ್ಕದಲ್ಲಿ ಕೂತಿರುತ್ತದೆ. ಮೂರು ವರ್ಷ ಕಂತು ನೆಟ್ಟಗೆ ಕಟ್ಟಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಒಂದು ಬರಗಾಲ ಬಂದರೆ ಕಂತು ಎಲ್ಲಿಂದ ಕಟ್ಟುತ್ತೀರಿ? ಇದನ್ನು ಮನೆಯವರೆಲ್ಲ ಕೂತು ಯೋಚಿಸಬೇಕು.

ಈಗ ಗಾಣದ ಲೆಕ್ಕ. ಒಣಗಿದ ಕಾಯಿ ನೂರು ಕಿಲೋ ಒಡೆದರೆ ಸುಮಾರು 70 ಕಿಲೋ ಬೀಜ. ಸಣ್ಣ ಗಾಣದಲ್ಲಿ ಅದಕ್ಕೆ 26ರಿಂದ 30 ಕಿಲೋ ಎಣ್ಣೆ, 40 ಕಿಲೋ ಆಸುಪಾಸು ಹಿಂಡಿ. ಸಿಪ್ಪೆ ಒಲೆಗಾಯಿತು. ಎಣ್ಣೆ ಮತ್ತು ಹಿಂಡಿಯ ಇಂದಿನ ಬೆಲೆ ಕೂಡಿಸಿ. ಅದರಲ್ಲಿ ಕಾಯಿಯ ಬೆಲೆ, ಕರೆಂಟು, ಕೂಲಿ, ಡಬ್ಬಿ, ಕಂತು ಎಲ್ಲಾ ಕಳೆಯಿರಿ. ನಿಮ್ಮ ದುಡಿಮೆಯನ್ನೂ ಕೂಲಿಗೆ ಹಿಡಿಯಿರಿ. ನಮ್ಮ ಜನ ಇದೊಂದನ್ನು ಯಾವತ್ತೂ ಲೆಕ್ಕಕ್ಕೆ ತಗೊಳ್ಳೋದಿಲ್ಲ.

ನನ್ನನ್ನು ಕೇಳಿದರೆ, ಒಬ್ಬರೇ ಕೈಹಾಕಬೇಡಿ. ಗಾಣಕ್ಕೆ ವರ್ಷವಿಡೀ ಕೆಲಸ ಬೇಕು. ಮಳೆ ನಂಬಿದ ಒಬ್ಬರ ಹೊಲ ಅದಕ್ಕೆ ಸಾಲದು. ಹತ್ತು ಹದಿನೈದು ಮನೆಯವರು ಸೇರಿ, ಕಾಯಿ ದಾಸ್ತಾನಿಟ್ಟು, ಊರವರ ಕೊಬ್ಬರಿ, ಕುಸುಬೆಯನ್ನೂ ಕೂಲಿಗೆ ಅರೆದುಕೊಟ್ಟರೆ ಇಬ್ಬರು ಮೂವರು ಹುಡುಗರು ಊರಲ್ಲೇ ಉಳಿಯಬಹುದು. ತಾಳೆ ಎಣ್ಣೆಯ ಬೆಲೆಗೆ ಪೈಪೋಟಿ ಬೇಡ. ಗಾಣದ ಎಣ್ಣೆ ಬೇಕೆನ್ನುವ ಗಿರಾಕಿಗಳು ಪೇಟೆಯಲ್ಲಿದ್ದಾರೆ, ಅವರಿಗೇ ಮಾರಿ. ಮಾರುವ ಮುನ್ನ ಆಹಾರ ಸುರಕ್ಷತಾ ನೋಂದಣಿ ಆಗಲೇಬೇಕು.

ಕಡೆಯದಾಗಿ ದಾಸ್ತಾನಿನ ವಿಷಯ. ಕಾಯಿಯನ್ನು ಅಲುಗಾಡಿಸಿದರೆ ಬೀಜ ಗಲಗಲ ಅನ್ನುವಷ್ಟು ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಚೀಲ ಜೋಡಿಸಿ. ಬೂಷ್ಟು ಹಿಡಿದ ಬೀಜವನ್ನು ಗಾಣಕ್ಕೆ ಹಾಕಕೂಡದು. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಎಣ್ಣೆಗಿಂತ ಹಿಂಡಿಯಲ್ಲೇ ಅದು ಹೆಚ್ಚು ಉಳಿಯುತ್ತದೆ. ಆ ಹಿಂಡಿ ತಿನ್ನುವುದು ನಿಮ್ಮ ಕುರಿ, ನಿಮ್ಮ ಎಮ್ಮೆ. ಗಾಣಕ್ಕೆ ಸುರಿಯುವ ಮುಂಚೆ ಬೀಜವನ್ನು ಮೊರದಲ್ಲಿ ಹಾಕಿ, ಕಪ್ಪಾದದ್ದು, ಮುರುಟಿದ್ದು ಎಲ್ಲವನ್ನೂ ಆರಿಸಿ ತೆಗೆಯಿರಿ.