ಜಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ
(ಶಿರೋಳ ಭಾಗದ ದುಡಿಯುವವರ ಕೂಟದಲ್ಲಿ ಮಾಡಿದ ಭಾಷಣ)



ನಾವು ಇಂದು ಮಾತಾಡಲಿಕ್ಕೆ ಆರಿಸಿಕೊಂಡ ವಿಷಯ ನೋಡಲಿಕ್ಕೆ ಸಣ್ಣದು. ಮನೆಯ ಅಂಗಳದಲ್ಲಿ ಬೊಲೆರೊದಂಥ ದೊಡ್ಡ ಗಾಡಿಯನ್ನು ಜಾಕಿನಿಂದ ಎತ್ತಿ ಬ್ರೇಕು ಬಿಚ್ಚುವ ಕೆಲಸ ಅದು. ಇಂಥ ಗಾಡಿಯ ತೂಕ ಒಂದೂವರೆ ಟನ್ನಿಗೂ ಮೇಲೆ. ಜಾಕು ಜಾರಿತೆಂದರೆ ಕೈ ಎಳೆದುಕೊಳ್ಳುವಷ್ಟು ಹೊತ್ತೂ ಸಿಗದು. ಆದಕಾರಣ ಈ ಕೆಲಸವನ್ನು ಮೊದಲು ತಲೆಯಲ್ಲಿ ಮಾಡಿ, ಆಮೇಲೆ ಕೈಯಲ್ಲಿ ಮಾಡತಕ್ಕದ್ದು.

ನಮ್ಮ ತಾಲೂಕಿನಲ್ಲಿ ಈ ಕೆಲಸ ಮೇಲಿಂದ ಮೇಲೆ ಬರುತ್ತದೆ. ಕೃಷ್ಣಾ, ಪಂಚಗಂಗಾ ನದಿಗಳು ನೃಸಿಂಹವಾಡಿಯಲ್ಲಿ ಕೂಡುತ್ತವೆ. ೨೦೦೫, ೨೦೧೯ ಮತ್ತು ೨೦೨೧ರ ಮಹಾಪೂರಗಳನ್ನು ನಾವು ಯಾರೂ ಮರೆತಿಲ್ಲ. ಗಾಲಿ ಮುಳುಗುವಷ್ಟು ನೀರಿನಲ್ಲಿ ನಿಂತ ಗಾಡಿಯ ಡ್ರಮ್ಮಿನೊಳಗೆ ರಾಡಿ ಸೇರುತ್ತದೆ, ಶೂ ತುಕ್ಕು ಹಿಡಿಯುತ್ತದೆ, ಡ್ರಮ್ಮು ಅಂಟಿಕೊಳ್ಳುತ್ತದೆ. ಅದನ್ನು ಬಿಚ್ಚಿ ತೊಳೆಯಲೇಬೇಕು. ಗ್ಯಾರೇಜಿನ ಖರ್ಚು ತಡೆಯಲಾರದವರು, ಮಗ್ಗದ ಪಾಳಿ ಮುಗಿಸಿದವರು, ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಒಂದು ರವಿವಾರ ಬಿಡುವು ಸಿಕ್ಕವರು ಮನೆಯಲ್ಲಿಯೇ ಕೈ ಹಚ್ಚುತ್ತಾರೆ. ಅದು ತಪ್ಪಲ್ಲ. ಆದರೆ ಗ್ಯಾರೇಜಿನಲ್ಲಿ ಕಾಂಕ್ರೀಟಿನ ನೆಲವಿದೆ, ನಮ್ಮ ಅಂಗಳದಲ್ಲಿ ಎರೆಮಣ್ಣಿದೆ. ಮೊದಲ ಅಪಾಯ ಅಲ್ಲಿಯೇ ಇದೆ.

ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಜಾಕಿನ ಬುಡ ಅಂಗೈಯಷ್ಟು ಅಗಲ. ಗಾಡಿಯ ಒಂದು ಮೂಲೆಯ ಭಾರವೆಲ್ಲ ಅಷ್ಟರ ಮೇಲೆಯೇ ಬೀಳುತ್ತದೆ. ಅದು ಒಂದು ಮಗ್ಗುಲಿಗೆ ಇಳಿಯುತ್ತದೆ, ಗಾಡಿ ವಾಲುತ್ತದೆ. ಆದುದರಿಂದ ಸಮತಟ್ಟಾದ, ಗಟ್ಟಿಯಾದ ಜಾಗವನ್ನೇ ಹುಡುಕಬೇಕು. ಮಳೆಗಾಲದಲ್ಲಿ ಹೊಲದ ಬದಿಯಲ್ಲಿ ಈ ಕೆಲಸ ಬೇಡವೇ ಬೇಡ. ಅಂಗಳ ಗಟ್ಟಿ ಇದ್ದರೂ ಜಾಕಿನ ಕೆಳಗೆ ಎರಡು ಅಂಗುಲ ದಪ್ಪದ, ಒಂದೂವರೆ ಅಡಿ ಉದ್ದಗಲದ ಗಟ್ಟಿ ಹಲಗೆ ಇರಲಿ. ಸ್ಟ್ಯಾಂಡಿನ ಕೆಳಗೂ ಅಂಥದೇ ಹಲಗೆ ಇರಲಿ.

ಎರಡನೆಯದಾಗಿ, ಗಾಡಿ ಉರುಳದಂತೆ ಹಿಡಿಯುವುದು. ಈ ಮಾತನ್ನು ಲಕ್ಷ್ಯಗೊಟ್ಟು ಕೇಳಬೇಕೆಂದು ಬೇಡುತ್ತೇವೆ. ಇಂಥ ಗಾಡಿಗಳ ಹ್ಯಾಂಡ್ ಬ್ರೇಕು ಸಾಮಾನ್ಯವಾಗಿ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ಡ್ರಮ್ಮು ಹೊರಗೆ ಬರಬೇಕಾದರೆ ಆ ಹ್ಯಾಂಡ್ ಬ್ರೇಕನ್ನು ಬಿಡಲೇಬೇಕು. "ಗೇರಿನಲ್ಲಿ ಹಾಕಿದ್ದೇವಲ್ಲ" ಎಂದು ಕೆಲವರು ಅನ್ನುತ್ತಾರೆ. ಡಿಫರೆನ್ಷಿಯಲ್ಲಿನ ಗುಣವೇನೆಂದರೆ, ಎತ್ತಿದ ಗಾಲಿ ಒಂದು ಕಡೆಗೆ ತಿರುಗಿದರೆ ನೆಲದ ಮೇಲಿನ ಗಾಲಿ ಇನ್ನೊಂದು ಕಡೆಗೆ ತಿರುಗಬಲ್ಲದು. ಹಿಂದಿನ ಗಾಲಿಗಳು ತಿರುಗಿಸುವ ಗಾಡಿಯನ್ನು, ಒಂದು ಹಿಂದಿನ ಗಾಲಿ ಎತ್ತಿದ ಮೇಲೆ, ಗೇರು ನಂಬಿಕೆಯಿಂದ ಹಿಡಿಯುವುದಿಲ್ಲ. ಆಗ ಉಳಿಯುವ ಆಸರೆ ಮುಂದಿನ ಗಾಲಿಗಳಿಗೆ ಕೊಟ್ಟ ತಡೆಗಳು ಮಾತ್ರ. ಆದಕಾರಣ ಎರಡೂ ಮುಂದಿನ ಗಾಲಿಗಳಿಗೆ, ಹಿಂದೆಯೂ ಮುಂದೆಯೂ, ಕಟ್ಟಿಗೆಯ ಬೆಣೆಗಳನ್ನು ಬಿಗಿಯಾಗಿ ಬಡಿದು ಕೂಡ್ರಿಸಬೇಕು. ಕೈಗೆ ಸಿಕ್ಕ ದುಂಡು ಕಲ್ಲು ಬೆಣೆಯಾಗದು.

ಮೂರನೆಯದಾಗಿ, ಎತ್ತುವುದು. ಗಾಡಿಯೊಳಗಿನ ಸಾಮಾನು, ಜನ ಎಲ್ಲ ಕೆಳಗಿಳಿಯಲಿ. ಗಾಲಿ ಇನ್ನೂ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಎತ್ತಿದ ಮೇಲೆ ಪಾನಾ ಜಗ್ಗಿದರೆ ಗಾಡಿಯೇ ಅಲುಗುತ್ತದೆ. ಪಟ್ಟೆ ಸ್ಪ್ರಿಂಗಿನ ಹಿಂದಿನ ಆಕ್ಸಲ್ ಇದ್ದರೆ ಜಾಕನ್ನು ಆಕ್ಸಲ್ಲಿನ ಕೊಳವೆಯ ಕೆಳಗೆ, ಸ್ಪ್ರಿಂಗಿನ ಹತ್ತಿರ ಇಡುವುದು ಲೇಸು. ಚಾಸಿಯಿಂದ ಎತ್ತಿದರೆ ಸ್ಪ್ರಿಂಗು ಜೋತು ಬೀಳುವಷ್ಟು ಎತ್ತರ ಹೆಚ್ಚು ಎತ್ತಬೇಕಾಗುತ್ತದೆ. ಆಕ್ಸಲ್ಲಿನ ಮೇಲೆ ಹಾಯ್ದ ಬ್ರೇಕಿನ ನಳಿಕೆ ಜಾಕಿನ ತಲೆಗೆ ಸಿಕ್ಕದಂತೆ ನೋಡಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಜಾಕಿನ ಜಾಗ ತೋರಿಸಿರುತ್ತಾರೆ; ಆ ಪುಸ್ತಕದ ಮಾತೇ ಕೊನೆಯದು.

ಈಗ ಮುಖ್ಯ ವಿಷಯ. ಎಣ್ಣೆಯ ಜಾಕಿನೊಳಗೆ ಇಡೀ ಭಾರವನ್ನು ತಡೆದು ನಿಲ್ಲಿಸುವುದು ಒಂದು ಸಣ್ಣ ರಬ್ಬರಿನ ಸೀಲು ಮತ್ತು ಒಂದು ಸಣ್ಣ ವಾಲ್ವು. ಸೀಲು ಸವೆದಿದ್ದರೂ, ವಾಲ್ವಿನಲ್ಲಿ ಕಸ ಕೂತಿದ್ದರೂ ಹೊರಗೆ ಕಾಣುವುದಿಲ್ಲ. ಜಾಕು ಎತ್ತುವುದಕ್ಕೆ ಮಾಡಿದ ಸಾಧನ. ಹೊರುವ ಕೆಲಸ ಸ್ಟ್ಯಾಂಡಿನದು. ಗಾಡಿಯ ತೂಕಕ್ಕೆ ತಕ್ಕ ಸ್ಟ್ಯಾಂಡನ್ನು ಆಕ್ಸಲ್ಲಿನ ಅಥವಾ ಚಾಸಿಯ ಗಟ್ಟಿ ಭಾಗದ ಕೆಳಗೆ ಇಟ್ಟು, ಗಾಡಿಯನ್ನು ಅದರ ಮೇಲೆ ಇಳಿಸಿ, ಜಾಕನ್ನು ಬರೇ ತಾಗುವಂತೆ ಬಿಡಬೇಕು. ಇಟ್ಟಿಗೆ, ಪೊಳ್ಳು ಸಿಮೆಂಟ್ ಬ್ಲಾಕು, ಕಲ್ಲಿನ ಅಟ್ಟಿ ಇವು ಸ್ಟ್ಯಾಂಡಲ್ಲ. ಸೂಚನೆ ಕೊಡದೆ ಒಡೆಯುತ್ತವೆ. ಸ್ಟ್ಯಾಂಡಿನ ಪಿನ್ನು ಕಳೆದಿದ್ದರೆ ಮೊಳೆಯಿಂದ ಸಾಗಿಸಬಾರದು. ಬಿಚ್ಚಿದ ಗಾಲಿಯನ್ನು ಚಾಸಿಯ ಕೆಳಗೆ ಅಡ್ಡ ಮಲಗಿಸಿಡಬೇಕು. ಎಲ್ಲವೂ ಕೈಬಿಟ್ಟರೆ ಅದೊಂದು ಕೊನೆಯ ಆಸರೆ. ಕೈ ಒಳಗೆ ಹಾಕುವ ಮೊದಲು ಗಾಡಿಯನ್ನು ಹೊರಗಿನಿಂದ ಬಲವಾಗಿ ನೂಕಿ ನೋಡಬೇಕು. ಅಲುಗಾಡಿದರೆ ಇಳಿಸಿ, ಮೊದಲಿನಿಂದ ಮಾಡಬೇಕು.

ಡ್ರಮ್ಮು ತುಕ್ಕು ಹಿಡಿದು ಬಾರದಿದ್ದರೆ ಸುತ್ತಿಗೆಯಿಂದ ಬಡಿದು ಗಾಡಿಯನ್ನು ಕುಲುಕಿಸಬಾರದು. ಶೂಗಳ ಹೊಂದಿಕೆ ಸಡಿಲಿಸಬೇಕು. ಎಷ್ಟೋ ಡ್ರಮ್ಮುಗಳಲ್ಲಿ ಬೋಲ್ಟು ಹಾಕುವ ಎರಡು ತೂತುಗಳಿರುತ್ತವೆ. ಅವುಗಳಲ್ಲಿ ಬೋಲ್ಟು ತಿರುಗಿಸಿದರೆ ಡ್ರಮ್ಮು ತಾನೇ ಹೊರಗೆ ಸರಿಯುತ್ತದೆ. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಬೇಕು. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದು ಬದಿ ಬಿಚ್ಚಬೇಕು. ಸ್ಪ್ರಿಂಗು ಹೇಗೆ ಕೂಡ್ರಿಸುವುದೆಂಬ ಸಂಶಯ ಬಂದರೆ ಬಿಚ್ಚದ ಬದಿಯೇ ನಮಗೆ ಗುರು.

ಕೆಲಸ ನಡೆದಿರುವಾಗ ಮಕ್ಕಳು ಹತ್ತಿರ ಬರಬಾರದು, ಗಾಡಿಯ ಬಾಗಿಲು ಯಾರೂ ಬಡಿಯಬಾರದು. ಆದರೆ ಕೂಗಿದರೆ ಓಡಿ ಬರುವ ಒಬ್ಬರು ಮನೆಯಲ್ಲಿ ಇರಲೇಬೇಕು. ಇಳಿಸಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಪೂರ್ತಿ ಬಿಗಿಯಬೇಕು. ಗಾಡಿ ಕದಲಿಸುವ ಮೊದಲು ಬ್ರೇಕಿನ ಪೆಡಲನ್ನು ಗಟ್ಟಿಯಾಗುವ ತನಕ ತುಳಿಯಬೇಕು. ಮೊದಲ ತುಳಿತಕ್ಕೆ ಅದು ತಳಕ್ಕೇ ಹೋಗಬಹುದು. ಮೆತ್ತಗೇ ಉಳಿದರೆ ಗಾಡಿ ಅಂಗಳ ದಾಟಬಾರದು.

ಕಡೆಗೆ ಒಂದು ಮಾತು. ನಮ್ಮಲ್ಲಿ ಬಹಳ ಮಂದಿ ಮತ್ತೊಬ್ಬರ ಗಾಡಿ ಓಡಿಸುವವರು. "ಸಂಜೆಯೊಳಗೆ ಗಾಡಿ ಬೇಕು" ಎಂದು ಧಣಿ ಅವಸರ ಮಾಡಿದಾಗ, ಸ್ಟ್ಯಾಂಡಿಲ್ಲದೆ ಜಾಕಿನ ಮೇಲೆಯೇ ಮುಗಿಸೋಣವೆಂದು ಮನಸ್ಸಾಗುತ್ತದೆ. ಆಗ "ಸ್ಟ್ಯಾಂಡು ತರಿಸಿರಿ, ಆಮೇಲೆ ಕೈ ಹಚ್ಚುತ್ತೇವೆ" ಎಂದು ಸಮಾಧಾನದಿಂದ ಹೇಳುವುದು ಉದ್ಧಟತನವಲ್ಲ. ಒಬ್ಬ ದುಡಿಯುವವನ ಮೈಮೇಲೆ ನಾಲ್ಕೈದು ಜನರ ಊಟ ನಿಂತಿದೆ. ಒಬ್ಬೊಬ್ಬರಿಗೆ ಸ್ಟ್ಯಾಂಡು ಕೊಳ್ಳುವುದು ಭಾರವಾದರೆ ಓಣಿಯ ನಾಲ್ಕು ಮನೆಯವರು ಕೂಡಿ ಒಂದು ಜೊತೆ ಕೊಳ್ಳೋಣ. ಬೇಕಾದವರು ಒಯ್ಯಲಿ, ಕೆಲಸ ಮುಗಿದ ಮೇಲೆ ಒರೆಸಿ ತಂದಿಡಲಿ. ಮುಂದಿನ ಮಳೆಗಾಲದೊಳಗೆ ಇಷ್ಟನ್ನು ಮಾಡಿಕೊಳ್ಳೋಣ ಎಂದು ನಿಮ್ಮೆಲ್ಲರನ್ನು ವಿನಂತಿಸುತ್ತೇವೆ.