ಮೊದಲು ಕೊಡಿ, ಆಮೇಲೆ ಜಗಳವಾಡಿ

ಹೋಳಿಗೆ ಊಟ ಆದ ಮೇಲೆ ಕಾರು ವಿಮೆಯ ಬಗ್ಗೆ ಭಾಷಣ ಇಟ್ಟಿರುವ ಸಂಘದ ಪದಾಧಿಕಾರಿಗಳ ಧೈರ್ಯವನ್ನು ಮೆಚ್ಚಬೇಕು. ನಿದ್ದೆ ಬಂದರೆ ಸಂಕೋಚಪಡಬೇಡಿ. ಆದರೆ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿರುವವರು, ಕರೆಸಿಕೊಳ್ಳಬೇಕೆಂದಿರುವವರು ಒಂದು ಇಪ್ಪತ್ತು ನಿಮಿಷ ಎಚ್ಚರವಾಗಿರಿ.

ನಾನು ಒಂಟಾರಿಯೋದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಲೇಮ್ಸ್ ಅಡ್ಜಸ್ಟರ್ ಆಗಿ ಕೆಲಸ ಮಾಡಿದವನು. ಅದರಲ್ಲಿ ಬಹುಪಾಲು ಕಳೆದದ್ದು ಒಂದೇ ಬಗೆಯ ಜಗಳದಲ್ಲಿ. ಒಬ್ಬ ಮನುಷ್ಯನಿಗೆ ಅಪಘಾತದಲ್ಲಿ ಪೆಟ್ಟಾಗಿದೆ, ಅವನಿಗೆ ಹಣ ಸಿಗಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕೊಡಬೇಕಾದದ್ದು ನಾವೋ, ಎದುರಿನ ಕಂಪನಿಯೋ? ಇದಕ್ಕೆ ನಮ್ಮ ಕಡೆ ಪ್ರಯಾರಿಟಿ ಡಿಸ್ಪ್ಯೂಟ್ ಎನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಆ ಕೂಸು ಪೆಟ್ಟು ತಿಂದವನು.

ಒಂಟಾರಿಯೋದಲ್ಲಿ 1990ರಿಂದ ಇರುವ ಪದ್ಧತಿಯಲ್ಲಿ ತಪ್ಪು ಯಾರದ್ದೇ ಇರಲಿ, ಗಾಯಗೊಂಡವರಿಗೆ ಚಿಕಿತ್ಸೆ, ಆರೈಕೆ ಮುಂತಾದ ಸೌಲಭ್ಯಗಳು ಸಿಗುತ್ತವೆ. ಯಾವ ಕಂಪನಿಯಿಂದ ಎಂಬುದಕ್ಕೆ ವಿಮಾ ಕಾಯಿದೆಯ 268ನೇ ಸೆಕ್ಷನ್‌ನಲ್ಲಿ ಒಂದು ಸಾಲು ಹಾಕಿದ್ದಾರೆ. ಮೊದಲು ನಿಮ್ಮನ್ನು ಒಳಗೊಂಡಿರುವ ಪಾಲಿಸಿ: ನಿಮ್ಮದೇ, ಅಥವಾ ನಿಮ್ಮ ಗಂಡ ಹೆಂಡತಿಯದು, ಅಥವಾ ನೀವು ಯಾರ ಅವಲಂಬಿತರೋ ಅವರದು. ಅದಿಲ್ಲದಿದ್ದರೆ ನೀವು ಕೂತಿದ್ದ ಕಾರಿನದು. ನಡೆದು ಹೋಗುತ್ತಿದ್ದರೆ ನಿಮಗೆ ಹೊಡೆದ ಕಾರಿನದು. ಅದೂ ಇಲ್ಲದಿದ್ದರೆ ಆ ಅಪಘಾತದಲ್ಲಿದ್ದ ಬೇರೆ ವಾಹನದ್ದು. ಯಾವ ವಿಮೆಯೂ ಇಲ್ಲದಿದ್ದರೆ ಸರ್ಕಾರದ ಮೋಟಾರ್ ವೆಹಿಕಲ್ ಆಕ್ಸಿಡೆಂಟ್ ಕ್ಲೇಮ್ಸ್ ಫಂಡ್. ಕಾಗದದ ಮೇಲೆ ನೀರಿನಷ್ಟು ಸರಳ. ಆದರೆ ‘ಅವಲಂಬಿತ’ ಎಂಬ ಒಂದು ಪದ ಸಾಕು, ಎರಡು ಕಂಪನಿಗಳ ವಕೀಲರು ಎರಡು ವರ್ಷ ಊಟ ಮಾಡಬಹುದು.

ಈಗ ಒಂದು ತಪ್ಪೊಪ್ಪಿಗೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬ್ರಾಂಪ್ಟನ್‌ನ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಫೋನ್ ಮಾಡಿದರು. ಯಾರದೋ ಕಾರಿನಲ್ಲಿ ಕೂತು ಹೋಗುವಾಗ ಅಪಘಾತವಾಗಿತ್ತು. ಕಾರು ನಮ್ಮ ಕಂಪನಿಯದು. ಮಾತಿನ ಮಧ್ಯೆ ಹೆಂಡತಿಯ ಹೆಸರಿನಲ್ಲಿ ಬೇರೆ ಕಡೆ ಪಾಲಿಸಿ ಇದೆ ಎಂದರು. ನಾನು ತಕ್ಷಣ, ‘ಹಾಗಾದರೆ ನಿಮ್ಮ ಅರ್ಜಿ ಇಲ್ಲಲ್ಲ, ಅಲ್ಲಿಗೆ ಹಾಕಿ’ ಅಂದೆ. ಸಾಲಿನ ಪ್ರಕಾರ ನನ್ನ ಮಾತು ಸರಿಯೇ ಇತ್ತು. ಆ ಕಂಪನಿಯವರು ಗಂಡ ಹೆಂಡತಿ ಬೇರೆ ಇದ್ದಾರೆ, ಕಾರಿನವರಲ್ಲಿಗೆ ಹೋಗಿ ಅಂದರಂತೆ. ಅವರು ಮತ್ತೆ ನನ್ನ ಬಳಿ ಬರುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಅಷ್ಟೂ ದಿನ ಫಿಸಿಯೋಥೆರಪಿ ಇಲ್ಲ. ಭುಜ ಮೇಲೆತ್ತಲು ಆಗುತ್ತಿರಲಿಲ್ಲ. ಮ್ಯಾನೇಜರ್ ನನಗೆ ಒಂದು ಮಾತೂ ಅನ್ನಲಿಲ್ಲ. ಫೈಲನ್ನು ಹೊರಗೆ ಕಳಿಸುವುದೇ ಜಾಣತನ ಎಂದು ನಮಗೆಲ್ಲ ಅನ್ನಿಸುತ್ತಿದ್ದ ಕಾಲ ಅದು.

ನಿಯಮ ಆಗಲೂ ಇತ್ತು. ಒಂಟಾರಿಯೋ ರೆಗ್ಯುಲೇಶನ್ 283/95. ಪೂರ್ತಿ ಮಾಡಿದ ಅರ್ಜಿ ಮೊದಲು ಯಾವ ಕಂಪನಿಯ ಕೈಗೆ ಬರುತ್ತದೋ ಆ ಕಂಪನಿ ಹಣ ಕೊಡಲು ಶುರು ಮಾಡಬೇಕು; ‘ಇದು ನಮ್ಮದಲ್ಲ’ ಎಂಬ ಜಗಳವನ್ನು ಹಿಂದಿನಿಂದ ಮಾಡಿಕೊಳ್ಳಬೇಕು. ಜಗಳ ಮಾಡುವುದಾದರೆ 90 ದಿನದೊಳಗೆ ಎದುರಿನ ಕಂಪನಿಗೆ ನೋಟಿಸ್ ಹೋಗಬೇಕು. ಒಪ್ಪಂದವಾಗದಿದ್ದರೆ ಆ ನೋಟಿಸ್ ಕೊಟ್ಟ ಒಂದು ವರ್ಷದೊಳಗೆ ಆರ್ಬಿಟ್ರೇಶನ್‌ಗೆ ಹೋಗಬೇಕು. ಸೋತ ಕಂಪನಿ ಮೊದಲನೆಯವರು ಕೊಟ್ಟ ಹಣವನ್ನು ತುಂಬಿಕೊಡುತ್ತದೆ. ಆ 90 ದಿನದ ವಿಷಯದಲ್ಲಿ ನ್ಯಾಯಾಲಯಗಳು ಬಹಳ ಬಿಗಿ. 2002ರಲ್ಲಿ ಕಿಂಗ್ಸ್‌ವೇ ಮತ್ತು ವೆಸ್ಟ್ ವಾವನೋಶ್ ಎಂಬ ಕಂಪನಿಗಳ ಮೊಕದ್ದಮೆಯಲ್ಲಿ ಒಂಟಾರಿಯೋದ ಮೇಲ್ಮನವಿ ನ್ಯಾಯಾಲಯ, ಇದು ದಿನವಿಡೀ ಇದೇ ವ್ಯವಹಾರ ಮಾಡುವವರ ನಡುವಿನ ಜಗಳ, ಇಲ್ಲಿ ಖಚಿತತೆಯೇ ಮುಖ್ಯ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ನಾನೂ ಒಮ್ಮೆ 91ನೇ ದಿನ ನೋಟಿಸ್ ಕಳಿಸಿದ್ದೇನೆ. ಆ ಫೈಲು ನಮ್ಮ ಕಂಪನಿಯಲ್ಲೇ ಉಳಿಯಿತು. ನನ್ನ ಬೋನಸ್ ಉಳಿಯಲಿಲ್ಲ.

2010ರ ಸೆಪ್ಟೆಂಬರಿನಿಂದ ಇನ್ನೊಂದು ಮಾತು ಸೇರಿತು. ಕಂಪನಿಯವರು ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ, ಬೇರೆ ಕಂಪನಿಗೆ ಹೋಗಿ ಎಂದು ಸಾಗಹಾಕುವಂತಿಲ್ಲ. ಆ ಸಾಲನ್ನು ಓದಿದಾಗ ನನಗೆ ಗೋದಾಮಿನ ಆ ಮನುಷ್ಯನ ಭುಜ ನೆನಪಾಯಿತು.

2015ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿನವರೆಗೂ ಇಂಥದೊಂದು ಜಗಳ ಹೋಯಿತು, ಜ್ಯೂರಿಕ್ ಮತ್ತು ಚಬ್ ಕಂಪನಿಗಳದ್ದು. ಬಾಡಿಗೆ ಕಾರಿನಲ್ಲಿ 2006ರಲ್ಲಿ ಅಪಘಾತ. ಕಾರಿನ ವಿಮೆ ಜ್ಯೂರಿಕ್‌ನದು. ಚಬ್ ಆ ಬಾಡಿಗೆ ಸಂಸ್ಥೆಯ ಗಿರಾಕಿಗಳಿಗೆ ಒಂದು ಐಚ್ಛಿಕ ಅಪಘಾತ ವಿಮೆ ಒದಗಿಸುತ್ತಿತ್ತು, ಅದನ್ನು ಆ ಚಾಲಕಿ ಕೊಂಡೇ ಇರಲಿಲ್ಲ. ಆದರೆ ಅರ್ಜಿ ಮೊದಲು ಹೋದದ್ದು ಚಬ್‌ಗೆ. ‘ನಾವು ಕಾರು ವಿಮೆಯೇ ಮಾಡಿಲ್ಲ’ ಅಂದರು. ಇರಲಿ, ಮೊದಲು ಕೊಡಬೇಕಾಗಿದ್ದವರು ನೀವೇ ಎಂದಿತು ಕೋರ್ಟು. ಆ ಪ್ರಶ್ನೆ ಇತ್ಯರ್ಥವಾಗಲು ಎಂಟು ಒಂಬತ್ತು ವರ್ಷ ಹಿಡಿಯಿತು ನೋಡಿ.

ನಮ್ಮ ಊರಿನ ಕೋರ್ಟುಗಳಲ್ಲೂ ಇದರ ತಮ್ಮನಂಥ ಒಂದು ಪದ್ಧತಿ ಇದೆ. ಚಾಲಕನ ಲೈಸೆನ್ಸ್ ಸರಿಯಿಲ್ಲದಿದ್ದರೂ ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ವಿಮಾ ಕಂಪನಿಗೆ ಹೇಳುತ್ತಾರೆ. 2004ರ ಸ್ವರಣ್ ಸಿಂಗ್ ಪ್ರಕರಣ ಬೆಂಗಳೂರಿನ ಯಾವ ಮೋಟಾರು ಅಪಘಾತ ವಕೀಲರ ಬಾಯಲ್ಲೂ ಇರುತ್ತದೆ.

ಈಗ ನಮ್ಮಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮ ಅರಸೀಕೆರೆಯಲ್ಲಿ ಮೂವತ್ತನಾಲ್ಕು ವರ್ಷ ಪ್ರೈಮರಿ ಸ್ಕೂಲ್ ಮೇಷ್ಟ್ರು. 2017ರಲ್ಲಿ ಸೂಪರ್ ವೀಸಾದಲ್ಲಿ ಬಂದಿದ್ದರು. ಅಕ್ಟೋಬರ್‌ನ ಒಂದು ಸಂಜೆ, ಮಿಸ್ಸಿಸಾಗಾದಲ್ಲಿ ಸಿಗ್ನಲ್ ಬಿದ್ದ ಮೇಲೆಯೇ ರಸ್ತೆ ದಾಟುತ್ತಿದ್ದಾಗ ಎಡಕ್ಕೆ ತಿರುಗುವ ಕಾರು ತಗುಲಿತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ವೀಸಾದ ಮೇಲೆ ಬಂದವರಿಗೆ ಇಲ್ಲಿಯ ಸರ್ಕಾರಿ ಆರೋಗ್ಯ ವಿಮೆ ಇಲ್ಲ ಎಂದು ನಿಮಗೆ ಗೊತ್ತು. ವೀಸಾಕ್ಕೆಂದು ಕೊಂಡಿದ್ದ 1,00,000 ಡಾಲರಿನ ಪಾಲಿಸಿಯವರು ‘ಕಾರಿನ ವಿಮೆಯವರು ಮೊದಲು ಕೊಡಲಿ’ ಅಂದರು. ನಾನು ಅರ್ಜಿ ಹಾಕಿದ್ದು ನನ್ನ ಕಾರಿನ ಕಂಪನಿಗೆ. ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲ, ಬೇರೆ. ಫೋನಿನಲ್ಲಿ ಒಬ್ಬ ಹುಡುಗ, ದನಿಯೇ ಎಳಸು. ‘ಸರ್, ನಿಮ್ಮ ತಾಯಿ ನಿಮ್ಮ ಅವಲಂಬಿತರಲ್ಲ ಅನ್ನಿಸುತ್ತೆ, ಹೊಡೆದ ಕಾರಿನ ಕಂಪನಿಗೆ ಹಾಕಿ’ ಅಂದ. ಹದಿನೈದು ವರ್ಷದ ಹಿಂದೆ ನಾನು ಆಡಿದ ಮಾತು ನನಗೇ ವಾಪಸ್ ಬಂದಿತ್ತು. ಅವನ ಮೇಲೆ ರೇಗಲು ಬಾಯಿ ಬರಲಿಲ್ಲ. ರೆಗ್ಯುಲೇಶನ್ನಿನ ನಂಬರ್ ಹಾಕಿ ಒಂದು ಇಮೇಲ್ ಕಳಿಸಿದೆ. ಎರಡು ದಿನಕ್ಕೆ ಅರ್ಜಿ ಸ್ವೀಕಾರವಾಯಿತು. ಆ ನಂಬರ್ ಗೊತ್ತಿಲ್ಲದವರು ಏನು ಮಾಡುತ್ತಾರೆ ಎಂಬ ಯೋಚನೆಯೇ ನನ್ನನ್ನು ಇವತ್ತು ಇಲ್ಲಿ ನಿಲ್ಲಿಸಿದೆ.

ಆಮೇಲೆ ಶುರುವಾಯಿತು ಜಗಳ. ಒಬ್ಬರ ಅಗತ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಬ್ಬರು ಪೂರೈಸುತ್ತಿದ್ದರೆ ಮಾತ್ರ ಅವಲಂಬಿತರು ಎಂದು ಆರ್ಬಿಟ್ರೇಟರುಗಳು ಲೆಕ್ಕ ಹಾಕುತ್ತಾರೆ. ಹೊಡೆದ ಕಾರಿನ ಕಂಪನಿಯ ವಕೀಲರು ವೀಸಾಕ್ಕಾಗಿ ನಾನು ಸಹಿ ಮಾಡಿದ್ದ ಆಹ್ವಾನ ಪತ್ರ ತೆಗೆದರು. ಅದರಲ್ಲಿ ಅಮ್ಮನ ಖರ್ಚುವೆಚ್ಚ ನನ್ನದು ಎಂದು ಬರೆದುಕೊಡಲೇಬೇಕಲ್ಲ. ‘ನೋಡಿ, ಮಗನೇ ಸಾಕುತ್ತಿದ್ದಾನೆ!’ ನಮ್ಮ ಕಂಪನಿಯ ವಕೀಲರು ಅಮ್ಮನ ಪಿಂಚಣಿ ಪಾಸ್‌ಬುಕ್ ಕೇಳಿದರು. ಕಾಲಿಗೆ ಪ್ಲೇಟ್ ಹಾಕಿಸಿಕೊಂಡು ಕೂತಿದ್ದ ಅಮ್ಮನಿಂದ ಪ್ರಮಾಣ ಮಾಡಿಸಿ, ಅಕ್ಕಿ ಯಾರು ತಂದರು, ಮಾತ್ರೆಗೆ ಯಾರು ಕೊಟ್ಟರು, ಅರಸೀಕೆರೆಯ ಮನೆ ಯಾರ ಹೆಸರಿನಲ್ಲಿದೆ ಎಂದು ಎರಡು ಗಂಟೆ ಕೇಳಿದರು. ಪಕ್ಕದಲ್ಲಿ ಒಬ್ಬ ಕನ್ನಡದ ದುಭಾಷಿ. ‘ನೀವು ಮಗನ ಅವಲಂಬಿತರೇ?’ ಎಂಬ ಪ್ರಶ್ನೆ ಬಂದಾಗ ಅಮ್ಮ ಕನ್ನಡಕ ಸರಿಮಾಡಿಕೊಂಡು, ‘ನಾನು ಯಾರ ಹಂಗಿನಲ್ಲೂ ಇಲ್ಲ ಅಂತ ಬರ್ಕೊಳ್ಳೋಕೆ ಹೇಳಪ್ಪಾ’ ಅಂದರು. ದುಭಾಷಿ ‘ಹಂಗು’ ಎಂಬ ಪದಕ್ಕೆ ಬಹಳ ಹೊತ್ತು ತಡಕಾಡಿದರು.

ನನಗೆ ಅದೊಂದು ಕೆಟ್ಟ ಸಂಜೆ. ಮನೆಗೆ ಬಂದು ಅಮ್ಮ, ‘ನನ್ನನ್ನ ಸಾಕ್ತೀನಿ ಅಂತ ಬರ್ಕೊಟ್ಟಿದೀಯೇನೋ?’ ಎಂದು ಕೇಳಿದರು. ಫಾರಂ ಹಾಗಿತ್ತಮ್ಮ ಅಂದೆ. ಅವರು ಮಾತು ಮುಂದುವರಿಸಲಿಲ್ಲ.

ಆದರೆ ಒಂದು ಮಾತು ಹೇಳಬೇಕು. ಅರ್ಜಿ ಸ್ವೀಕಾರವಾದ ಮೇಲೆ, ಈ ಜಗಳ ನಡೆದಷ್ಟೂ ಕಾಲ, ಚಿಕಿತ್ಸೆ ಒಂದು ವಾರವೂ ನಿಲ್ಲಲಿಲ್ಲ. ಮಾರ್ಚ್ ಹೊತ್ತಿಗೆ ಕೋಲು ಹಿಡಿದು ನಡೆದರು. ಜೂನ್‌ನಲ್ಲಿ ಊರಿಗೆ ಹೋದರು. ಸುಮಾರು ಒಂದೂವರೆ ವರ್ಷದ ಮೇಲೆ ಕಂಪನಿಗಳು ತಮ್ಮೊಳಗೇ ಒಪ್ಪಂದ ಮಾಡಿಕೊಂಡವು. ಅಮ್ಮ ಅವಲಂಬಿತರಲ್ಲ, ಹೊಡೆದ ಕಾರಿನವರೇ ತುಂಬಿಕೊಡುವುದು ಎಂದಾಯಿತು. ಫೋನಿನಲ್ಲಿ ಹೇಳಿದೆ. ‘ಸರಿ ಬಿಡು, ಒಂದೂವರೆ ವರ್ಷ ಹಿಡೀತಾ ಅವರಿಗೆ?’ ಅಂದರು.

ಕಾರಿನ ರಿಪೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ನಿಮ್ಮ ತಪ್ಪಿಲ್ಲದ ಭಾಗಕ್ಕೆ ನಿಮ್ಮ ಕಂಪನಿಯೇ ಕೊಡುತ್ತದೆ, ತಪ್ಪಿನ ಲೆಕ್ಕ ಸರ್ಕಾರದ ಚಿತ್ರಸಹಿತ ನಿಯಮಗಳ ಪ್ರಕಾರ. ಒಂದೇ ಎಚ್ಚರ: 2024ರ ಜನವರಿಯಿಂದ ಈ ಭಾಗವನ್ನು ಬೇಡ ಎನ್ನುವ ಅವಕಾಶ ಬಂದಿದೆ. ನಾಲ್ಕು ಕಾಸು ಉಳಿಸಲು ಬೇಡ ಅಂದಿದ್ದರೆ ಹಿಂದಿನಿಂದ ಯಾರೋ ಬಂದು ಗುದ್ದಿದರೂ ಕಾರಿಗೆ ಏನೂ ಸಿಗುವುದಿಲ್ಲ.

ಅಪಘಾತವಾದರೆ ಏಳು ದಿನದೊಳಗೆ ಕಂಪನಿಗೆ ತಿಳಿಸಿ. ಫಾರಂ ಕೈಗೆ ಬಂದ 30 ದಿನದೊಳಗೆ ತುಂಬಿ ಕೊಡಿ. ಎಲ್ಲ ಕಂಪನಿಗಳಿಗೂ ಹಾಕಬೇಡಿ, ಒಂದಕ್ಕೆ ಹಾಕಿ, ತಲುಪಿದ ದಿನಾಂಕಕ್ಕೆ ಪುರಾವೆ ಇಟ್ಟುಕೊಳ್ಳಿ. ಕ್ಲೇಮನ್ನು ಬೇರೆ ಕಂಪನಿಗೆ ವರ್ಗಾಯಿಸುತ್ತೇವೆಂದು ನೋಟಿಸ್ ಬಂದರೆ ಆಕ್ಷೇಪ ಹೇಳಲು ನಿಮಗಿರುವುದು 14 ದಿನ. ಟಪಾಲನ್ನು ಫ್ರಿಜ್ ಮೇಲೆ ಇಡಬೇಡಿ. ‘ನಮ್ಮದಲ್ಲ’ ಎಂದು ಫೋನಿನಲ್ಲಿ ಹೇಳಿದರೆ, ಅದನ್ನೇ ಬರೆದು ಕಳಿಸಿ ಅನ್ನಿ. ಬಹಳ ಸಲ ಬರೆಯುವುದಿಲ್ಲ.

ಕಾಫಿ ಸಮಯದಲ್ಲಿ ನಾನು ಹಿಂದಿನ ಮೇಜಿನ ಹತ್ತಿರ ಇರುತ್ತೇನೆ. ಪಾಲಿಸಿ ಫೋನಿನಲ್ಲಿದ್ದರೆ ತೆಗೆದುಕೊಂಡು ಬನ್ನಿ, ಒಟ್ಟಿಗೇ ಓದೋಣ.