ಕೋಡಿ ಇಲ್ಲದ ಕೆರೆ



ಟಿಎಂಸಿ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾವೇರಿ ಜಗಳ ಅದನ್ನ ಮನೆಮನೆಗೂ ಕಲಿಸಿದೆ. ಕೆಆರ್‌ಎಸ್ ಭರ್ತಿಯಾದರೆ 49 ಟಿಎಂಸಿ. ಹಾಗಾದ್ರೆ ಸುಮಾರು 600 ಟಿಎಂಸಿ ಅಂದ್ರೆ? ಹನ್ನೆರಡು ಕೆಆರ್‌ಎಸ್! ಅಷ್ಟು ನೀರು ತಜಿಕಿಸ್ತಾನದ ಪಾಮಿರ್ ಪರ್ವತಗಳ ನಡುವೆ, ಮೂರು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ ನಿಂತಿದೆ. ಹೆಸರು ಸರೆಜ್ ಸರೋವರ.

ಮ್ಯಾಪಿನಲ್ಲಿ ಕಾಶ್ಮೀರದಿಂದ ಮೇಲಕ್ಕೆ ಬೆರಳು ಸರಿಸಿ. ಹಿಂದೂಕುಷ್, ಕಾರಾಕೋರಂ, ಕುನ್‌ಲುನ್, ತಿಯಾನ್ ಶಾನ್. ಇಷ್ಟೂ ಶ್ರೇಣಿಗಳು ಬಂದು ಗಂಟು ಬೀಳುವ ಜಾಗವೇ ಪಾಮಿರ್. ಅಲ್ಲಿನ ಇಸ್ಮೋಯಿಲ್ ಸೊಮೋನಿ ಶಿಖರ 7,495 ಮೀಟರ್ ಎತ್ತರ. ಫೆಡ್‌ಚೆಂಕೊ ಹಿಮನದಿ 70 ಕಿಲೋಮೀಟರಿಗೂ ಉದ್ದ. ಇಷ್ಟನ್ನೂ ಎತ್ತಿ ನಿಲ್ಲಿಸಿದ ಬಲ ಎಲ್ಲಿಂದ ಬಂತು ಗೊತ್ತಾ? ನಾವು ನಿಂತಿರೋ ಇದೇ ಭಾರತದ ಭೂಫಲಕದಿಂದ. ಅದು ಇವತ್ತಿಗೂ ಉತ್ತರಕ್ಕೆ ತಳ್ಳುತ್ತಲೇ ಇದೆ. ಅದಕ್ಕೇ ಅಲ್ಲಿ ಭೂಕಂಪ ತಪ್ಪಿದ್ದಲ್ಲ.

1911ರ ಫೆಬ್ರವರಿ 18ರ ರಾತ್ರಿ ಭೂಮಿ ನಡುಗಿತು. ಬೆಟ್ಟವೊಂದರ ಮಗ್ಗುಲು ಪೂರ್ತಿ ಕುಸಿದು ಮುರ್ಗಾಬ್ ನದಿಗೆ ಅಡ್ಡ ಬಿತ್ತು. ಉಸೋಯ್ ಅನ್ನೋ ಊರು ಕಲ್ಲುಮಣ್ಣಿನ ಅಡಿಗೆ ಹೋಯಿತು. ಹಿಂದೆ ನೀರು ಏರುತ್ತಾ ಏರುತ್ತಾ ಸರೆಜ್ ಅನ್ನೋ ಊರನ್ನು ನುಂಗಿತು. ಸರೋವರಕ್ಕೆ ಉಳಿದದ್ದು ಆ ಊರಿನ ಹೆಸರು.

ಅದೇ 1911ರಲ್ಲಿ ಇಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನಮ್ಮದು 130 ಅಡಿ ಎತ್ತರ, ಕಟ್ಟಲು ಎರಡು ದಶಕ ಹಿಡಿಯಿತು. ಅಲ್ಲಿ ಒಂದೇ ರಾತ್ರಿಯಲ್ಲಿ ಬಿದ್ದ ಕಟ್ಟೆ 560 ಮೀಟರಿಗೂ ಎತ್ತರ!

ನಾನು ಇಂಜಿನಿಯರಿಂಗ್ ಓದಿದವನು. ಆದ್ರೆ ಇದನ್ನ ಅರ್ಥ ಮಾಡಿಕೊಳ್ಳೋಕೆ ಆ ಡಿಗ್ರಿ ಬೇಕಿಲ್ಲ, ನಮ್ಮೂರ ಕೆರೆ ನೋಡಿದ್ರೆ ಸಾಕು. ಏರಿ ಇದ್ದರೆ ತೂಬು ಇರಬೇಕು, ಕೋಡಿ ಇರಬೇಕು. ಸರೆಜ್‌ಗೆ ಎರಡೂ ಇಲ್ಲ. ನೀರು ಕಟ್ಟೆಯ ಕಲ್ಲುಗಳ ಸಂದಿಯಲ್ಲಿ ಸೋರಿ ಹೊರಬರುತ್ತೆ, ಮುಂದೆ ಬರ್ತಂಗ್ ನದಿಯಾಗಿ ಹರಿದು, ಪಂಜ್ ಸೇರಿ, ಅಮು ದರಿಯಾ ಆಗುತ್ತೆ. ಆ ಸೋರಿಕೆಯೇ ಇವತ್ತು ಸರೋವರವನ್ನು ಕಾಪಾಡುತ್ತಿದೆ. ಒಳಬರುವಷ್ಟೇ ನೀರು ಹೆಚ್ಚುಕಡಿಮೆ ಹೊರಹೋಗುತ್ತಿದೆ.

2015ರ ಡಿಸೆಂಬರ್‌ನಲ್ಲಿ ಅದೇ ಸೀಮೆಯಲ್ಲಿ 7.2 ತೀವ್ರತೆಯ ಭೂಕಂಪವಾಯಿತು. ಕಟ್ಟೆ ನಿಂತಿತು. ಹಾಗಂತ ನಿಶ್ಚಿಂತೆಯಿಂದ ಇರೋಕಾಗುತ್ತಾ? ಸರೋವರದ ಬಲದಂಡೆಯ ಇಳಿಜಾರು ಗಟ್ಟಿಯಾಗಿಲ್ಲ. ಅದೇನಾದರೂ ಒಮ್ಮೆಗೇ ನೀರಿಗೆ ಬಿದ್ದರೆ ದೊಡ್ಡ ಅಲೆ ಎದ್ದು ಕಟ್ಟೆ ದಾಟಬಹುದು ಅನ್ನೋದು ತಜ್ಞರ ಭಯ. ಹಾಗಾದರೆ ಮೊದಲು ಪೆಟ್ಟು ತಿನ್ನೋದು ಬರ್ತಂಗ್ ಕಣಿವೆಯ ಹಳ್ಳಿಗಳು.

ಅಷ್ಟು ನೀರನ್ನು ಖಾಲಿ ಮಾಡೋದು ಹುಡುಗಾಟವಲ್ಲ. ಅದಕ್ಕೇ 2000ದ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತಿತರರ ನೆರವಿನಿಂದ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. ಮಟ್ಟ ಅಳೆಯುವ ಯಂತ್ರಗಳು, ಹಳ್ಳಿಗಳಲ್ಲಿ ಸೈರನ್, ಜನ ಓಡಿಹೋಗಲು ಎತ್ತರದ ಸುರಕ್ಷಿತ ಜಾಗ.

ಯಂತ್ರ ತರೋಕೆ ದುಡ್ಡು ಸಿಗುತ್ತೆ, ಉದ್ಘಾಟನೆಗೆ ಕ್ಯಾಮೆರಾನೂ ಬರುತ್ತೆ. ಹತ್ತು ವರ್ಷ ಆದ್ಮೇಲೆ ಬ್ಯಾಟರಿ ಬದಲಿಸೋರು ಯಾರು? ಪಾಮಿರ್‌ನಲ್ಲಿ ಆ ಸಣ್ಣ ಕೆಲಸದ ಮೇಲೆ ಒಂದು ಕಣಿವೆಯ ಜೀವ ನಿಂತಿದೆ. ನಮ್ಮ ಕೆರೆ, ನಮ್ಮ ಅಣೆಕಟ್ಟು, ನಮ್ಮ ಕ್ರೆಸ್ಟ್ ಗೇಟುಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಮಳೆಗಾಲಕ್ಕೆ ಮುಂಚೆ ಕೇಳಿ.